ಹಿನ್ನೆಲೆ ನೋಡಲು ಹೊರಟ ಜೀಪು

ಮೈಸೂರಿನ ಆ ಕಾನೂನು ಶಾಲೆಯಲ್ಲಿ ನಾನು ಪಾಠ ಮಾಡಿದಷ್ಟು ಕಾಲ ನನ್ನ ಕೆಲಸ ಕಾಯಂ ಮಾಡುವುದೊಂದನ್ನು ಬಿಟ್ಟು ಉಳಿದೆಲ್ಲ ಗೌರವಗಳನ್ನೂ ಧಾರಾಳವಾಗಿ ಕೊಟ್ಟರು. ಗ್ರಂಥಾಲಯ ಸಮಿತಿ, ಕ್ರೀಡಾ ಸಮಿತಿ, ಸಸಿ ನೆಡುವ ಸಮಿತಿ, ಎಲ್ಲದರಲ್ಲೂ ನಾನಿದ್ದೆ. ಇವಕ್ಕೆಲ್ಲ ಕಿರೀಟವಿಟ್ಟ ಹಾಗೆ ಬಂದದ್ದು ವಿವಿಧ ಹಿನ್ನೆಲೆಯ ವಿದ್ಯಾರ್ಥಿಗಳ ನೆರವು ಸಮಿತಿ. ತೊಂಬತ್ತರ ದಶಕದ ನಡುವಿನ ಮಾತು.

ಆ ಸಮಿತಿ ಹುಟ್ಟಿದ್ದು ಒಂದು ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವೆ. ತಪಾಸಣೆಗೆಂದು ಹೊರಗಿನಿಂದ ಬಂದ ತಂಡದ ಹಿರಿಯರೊಬ್ಬರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಹಳ್ಳಿಗಳಿಂದ, ಬೇರೆ ಬೇರೆ ಸಮುದಾಯಗಳಿಂದ ಬರುವ ಮಕ್ಕಳಿಗೆ ನೀವು ವಿಶೇಷವಾಗಿ ಏನು ಮಾಡ್ತಾ ಇದ್ದೀರಿ?" ಎಂದು ಕೇಳಿಬಿಟ್ಟರು. ನಮ್ಮ ಮುಖ್ಯಸ್ಥರು ಕಣ್ಣು ಮಿಟುಕಿಸದೆ, "ಅದಕ್ಕೊಂದು ಸಮಿತಿಯೇ ಇದೆ ಸಾರ್. ಬಹಳ ಚೆನ್ನಾಗಿ ಕೆಲಸ ಮಾಡ್ತಾ ಇದೆ" ಎಂದರು. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದ ಸಮಿತಿಯನ್ನು ಸಂಜೆಯೊಳಗೆ ಎಲ್ಲಿಂದಾದರೂ ತರಬೇಕಿತ್ತಲ್ಲ. ನಾನು ಆ ಹೊತ್ತಿಗೆ ಬಾಗಿಲ ಬಳಿ ನಿಂತಿದ್ದೆ. ಮುಖ್ಯಸ್ಥರು ನನ್ನತ್ತ ತಿರುಗಿ, "ನೀವು ಆ ಕಡೆಯವರೇ ಅಲ್ವೇನಮ್ಮ?" ಎಂದರು. ಹೌದೆಂದೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ನನ್ನೂರು. ಕಬ್ಬಿನ ಗದ್ದೆ, ಎಮ್ಮೆಗಳು, ಸಕಾಲಕ್ಕೆ ಮದುವೆಯಾಗದ ಒಬ್ಬ ಮಗಳು, ಎಲ್ಲ ಇರುವ ಮನೆ. ಅಷ್ಟು ಹಿನ್ನೆಲೆ ಸಾಕಾಯಿತು. ಕಾಫಿ ಬರುವ ಹೊತ್ತಿಗೆ ನಾನು ಸಂಚಾಲಕಿಯಾಗಿದ್ದೆ.

ಮುಖ್ಯಸ್ಥರು ಅಧ್ಯಕ್ಷರು. ಮೂರನೆಯ ಸದಸ್ಯರು ಸಂವಿಧಾನ ಕಲಿಸುತ್ತಿದ್ದ ಹಿರಿಯ ಪ್ರೊಫೆಸರು. ಸಮಾನತೆಯ ವಿಚಾರ ಬಂದರೆ ಅವರ ಕಂಠ ತುಂಬಿಬರುತ್ತಿತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ವಿಧಿಯನ್ನು ಅವರು ಪಾಠ ಮಾಡುವ ದಿನ ಬೇರೆ ತರಗತಿಯವರೂ ಬಂದು ಕಿಟಕಿಯಾಚೆ ನಿಂತು ಕೇಳುತ್ತಿದ್ದರು. ನಾನೂ ಕೇಳಿದ್ದೇನೆ. ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದರು.

ನಮ್ಮಲ್ಲಿ ವೈವಿಧ್ಯಕ್ಕೇನೂ ಕೊರತೆ ಇರಲಿಲ್ಲ. ಮೈಸೂರಿನ ಇಂಗ್ಲಿಷ್ ಶಾಲೆಗಳಲ್ಲಿ ಓದಿ ಬಂದವರು ಮುಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು, ಬಸ್ಸಿನಲ್ಲಿ ಬರುವವರು ಹಿಂದಿನ ಬೆಂಚುಗಳಲ್ಲಿ. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಮುಂದಿನವರು ತಡವಾಗಿ ಬಂದರೆ ಮೇಷ್ಟ್ರು "ಕಮಿನ್" ಅನ್ನುತ್ತಿದ್ದರು, ಹಿಂದಿನವರು ತಡವಾಗಿ ಬಂದರೆ ಗಡಿಯಾರ ನೋಡುತ್ತಿದ್ದರು. ಇವರನ್ನು ಮೇಲೆತ್ತುವುದೇ ನಮ್ಮ ಸಮಿತಿಯ ಕೆಲಸ.

ಮೊದಲ ಸಭೆಗೆ ಮೂವರು ವಿದ್ಯಾರ್ಥಿಗಳನ್ನು ಕರೆಸಿದೆವು. ಒಬ್ಬಳು ಶ್ರೀರಂಗಪಟ್ಟಣದ ಗಂಜಾಂನವಳು. ಅವಳ ತಂದೆ ಲಾರಿ, ಬಸ್ಸುಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದರು. ಇನ್ನೊಬ್ಬ ಕೆ.ಆರ್. ಪೇಟೆಯ ಹತ್ತಿರದ ರೈತರ ಮನೆಯ ಹುಡುಗ, ಗುಂಡುಗುಂಡಗೆ, ಸದಾ ನಗುಮುಖ. ಮೂರನೆಯವನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯವನು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಡಿಮೆ ಮಾತು. ಊರಾಚೆಯ ಕಾಲೋನಿಯಲ್ಲಿ ಅವನ ಮನೆ ಎಂದು ನನಗೆ ಗೊತ್ತಿತ್ತು. ನಾಗಮಂಗಲದಿಂದ ಅವನು ಬರುವ ಬಸ್ಸಿಗೇ ನಾನು ಪಾಂಡವಪುರದಲ್ಲಿ ಹತ್ತುತ್ತಿದ್ದೆ. ಎಷ್ಟೋ ಸಲ ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟಿದ್ದ.

"ನಿಮಗೆ ನಮ್ಮಿಂದ ಏನು ಬೇಕು? ಸಂಕೋಚವಿಲ್ಲದೆ ಹೇಳಿ" ಎಂದರು ಮುಖ್ಯಸ್ಥರು.

ಹೊಣಕೆರೆ ಹುಡುಗ ಎದ್ದ. "ಸಾ, ಮೊದಲ್ನೇ ಪೀರಿಯಡ್ಡು ಏಳೂವರೆಗದೆ. ನಮ್ ಬಸ್ಸು ಬರೋದೇ ಎಂಟು ದಾಟ್ತದೆ. ಒಸಿ ಮುಂದಕ್ ಹಾಕ್ಬುಟ್ರೆ ಅಟೆಂಡೆನ್ಸು ಸಿಕ್ತದೆ."

ಮುಖ್ಯಸ್ಥರು ನಕ್ಕರು. "ಅದು ವೇಳಾಪಟ್ಟಿಯ ವಿಷಯ ಕಣಪ್ಪ. ಇದು ಹಿನ್ನೆಲೆ ಸಮಿತಿ."

ಗಂಜಾಂ ಹುಡುಗಿ ಹೆಣ್ಣುಮಕ್ಕಳ ಕೋಣೆಯ ಬೀಗದ ಕೈ ಗುಮಾಸ್ತರ ಬೀರುವಿನೊಳಗೆ ಇರುವುದರ ಬಗ್ಗೆ ಹೇಳಿದಳು. ಗುಮಾಸ್ತರು ರಜೆ ಹಾಕಿದ ದಿನ ಹುಡುಗಿಯರೆಲ್ಲ ಏನು ಮಾಡಬೇಕೆಂದು ಬಿಡಿಸಿಯೇ ಕೇಳಿದಳು. ಅದು ಕಟ್ಟಡ ನಿರ್ವಹಣೆಗೆ ಬರುತ್ತದೆಂದು ಪ್ರೊಫೆಸರು ತಿಳಿಹೇಳಿದರು. ಕೆ.ಆರ್. ಪೇಟೆ ಹುಡುಗ ಕನ್ನಡದಲ್ಲಿ ಒಂದೆರಡು ಕಾನೂನು ಪುಸ್ತಕ ಸಿಕ್ಕರೆ ಸಾಕು ಎಂದ. ಅದು ಗ್ರಂಥಾಲಯ ಸಮಿತಿಗೆ ಸೇರಿದ್ದು. ಆ ಸಮಿತಿಯಲ್ಲೂ ನಾನೇ ಇದ್ದೆನಾದರೂ ಈ ಸಭೆಯಲ್ಲಿ ನಾನು ಆ ಸಮಿತಿಯವಳಾಗಿರಲಿಲ್ಲ.

ಹೀಗೆ ಅವರು ಕೇಳಿದ ಯಾವುದೂ ಅವರ ಹಿನ್ನೆಲೆಗೆ ಸಂಬಂಧಿಸಿದ್ದಲ್ಲವೆಂದು ತೀರ್ಮಾನವಾಯಿತು. ಅವರಿಗೆ ನಿಜವಾಗಿ ಬೇಕಾದದ್ದೇನೆಂದು ನಾವೇ ಯೋಚಿಸಬೇಕಾಯಿತು. ಅದು ಆತ್ಮವಿಶ್ವಾಸ ಎಂದು ಹೊಳೆಯಿತು.

ಆತ್ಮವಿಶ್ವಾಸಕ್ಕಾಗಿ ಕಾಲೇಜಿನ ಖರ್ಚಿನಲ್ಲಿ ಒಂದು ಕರಿ ಟೈ ಕೊಂಡೆವು. ಒಂದೇ ಒಂದು. ಅಣಕು ನ್ಯಾಯಾಲಯದಲ್ಲಿ ವಾದ ಮಾಡುವ ಗ್ರಾಮೀಣ ವಿದ್ಯಾರ್ಥಿ ಅದನ್ನು ಕಟ್ಟಿಕೊಳ್ಳಬೇಕು, ಮುಗಿದ ಮೇಲೆ ಮುಂದಿನವನಿಗೆ ಕೊಡಬೇಕು. ಪ್ರೊಫೆಸರು ಮೊದಲ ದಿನ ತಾವೇ ಗಂಟು ಹಾಕಿಕೊಟ್ಟರು. ಬಿಚ್ಚಿದರೆ ಮತ್ತೆ ಹಾಕಲು ಯಾರಿಗೂ ಬಾರದೆಂದು ಹುಡುಗರು ಗಂಟು ಬಿಚ್ಚಲೇ ಇಲ್ಲ. ಸಡಿಲ ಮಾಡಿ ಒಬ್ಬನ ತಲೆಯಿಂದ ತೆಗೆದು ಇನ್ನೊಬ್ಬನ ತಲೆಗೆ ಹಾಕುತ್ತಿದ್ದರು. ಕೆ.ಆರ್. ಪೇಟೆ ಹುಡುಗನ ತಲೆ ಸ್ವಲ್ಪ ದೊಡ್ಡದು. ಒಮ್ಮೆ ಅದು ಅವನ ಕಿವಿಯ ಮೇಲೆ ಸಿಕ್ಕಿಕೊಂಡು, "ಬುಡ್ಸ್ರಲಾ, ಉಸ್ರು ಕಟ್ತದೆ" ಎಂದು ಕೂಗಿಕೊಂಡ. ಅಣಕು ನ್ಯಾಯಾಧೀಶರು ಅದನ್ನೇ ವಾದದ ಆರಂಭವೆಂದು ತಿಳಿದು ಇಂಗ್ಲಿಷಿನಲ್ಲಿ ಮುಂದುವರಿಸುವಂತೆ ಸೂಚಿಸಿದರು.

ಇಷ್ಟಾದರೂ ಹುಡುಗರು ಎಂಟು ದಾಟಿದ ಮೇಲೇ ಬರುತ್ತಿದ್ದರು. ಸಮಿತಿಗೆ ಬೇಸರವಾಯಿತು. ಆಗ ಮುಖ್ಯಸ್ಥರಿಗೆ ಆ ಯೋಜನೆ ಹೊಳೆಯಿತು. "ಇವರ ಹಿನ್ನೆಲೆಯನ್ನು ನಾವು ಕಣ್ಣಾರೆ ನೋಡಬೇಕು. ಮನೆಗಳಿಗೇ ಹೋಗೋಣ. ಫೋಟೋ ತೆಗೆಯೋಣ. ವರದಿಯಲ್ಲಿ ಹಾಕೋಣ." ಬಸ್ಸಿನಲ್ಲಿ ಹೋದರೆ ಹಿನ್ನೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನಾನು ಸೂಚಿಸಿದೆ. ಆ ಸೂಚನೆಯನ್ನು ಪರಿಗಣಿಸಿ, ಜೀಪು ತರಿಸಿದರು.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಮುಖ್ಯಸ್ಥರು, ಕೊರಳಲ್ಲಿ ಅವರ ಅಳಿಯ ತಂದುಕೊಟ್ಟ ಕ್ಯಾಮೆರಾ. ಹಿಂದೆ ಪ್ರೊಫೆಸರು ಮತ್ತು ನಾನು. ಮೂವರೂ ವಿದ್ಯಾರ್ಥಿಗಳಿಗೆ ಅವರವರ ಮನೆಯಲ್ಲೇ ಇರಲು ಹೇಳಲಾಗಿತ್ತು.

ಗಂಜಾಂನಲ್ಲಿ ಹುಡುಗಿಯ ತಂದೆ ಅಂಗಡಿಗೆ ಬಾಗಿಲು ಹಾಕಿ, ಒಗೆದ ಅಂಗಿ ತೊಟ್ಟು ಕಾಯುತ್ತಿದ್ದರು. ಹೊಸ ರೆಕ್ಸಿನ್ ಹಾಕಿದ ಸೀಟೊಂದನ್ನು ನಡುಮನೆಯಲ್ಲಿಟ್ಟು, "ಇದ್ರಲ್ಲಿ ಕೂತ್ಕೊಳ್ಳಿ ಸಾರ್, ನಾಳೆ ಡೆಲಿವರಿ, ಇವತ್ತು ನಿಮ್ದೇ" ಎಂದರು. ಮುಖ್ಯಸ್ಥರು ಲಾರಿ ಡ್ರೈವರಿನ ಸೀಟಿನ ಮೇಲೆ ಕೂತು, ಪೆನ್ನು ತೆಗೆದು, ದನಿ ಮೃದು ಮಾಡಿಕೊಂಡು ಕೇಳಿದರು.

"ಮಗಳನ್ನ ಓದಿಸೋದಕ್ಕೆ ನಿಮಗೆ ವಿರೋಧ ಬಂದಿರಬೇಕಲ್ಲ?"

"ಬಂತು ಸಾರ್, ಬಹಳಾ ಬಂತು."

ಮುಖ್ಯಸ್ಥರು ಮುಂದಕ್ಕೆ ಬಾಗಿದರು. "ಯಾರಿಂದ? ಧೈರ್ಯವಾಗಿ ಹೇಳಿ."

"ನಿಮ್ಮ ಆಫೀಸಿಂದ ಸಾರ್. ಟೀಸಿ ಸರಿಯಿಲ್ಲ, ನಾಳೆ ಬಾ ಅಂತ ಎಷ್ಟ್ ಸಲ ಓಡಾಡ್ಸಿದ್ರು! ನಾನು ಬುಟ್ಬುಡು ಬೇಟಿ ಅಂದೆ. ಇವ್ಳು ಬಿಡ್ಬೇಕಲ್ಲ."

ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಹುಡುಗಿಯ ತಾಯಿ ಚಹಾ, ಬಿಸ್ಕತ್ತು ತಂದರು. ಪ್ರೊಫೆಸರು ಎದೆಯ ಮೇಲೆ ಕೈಯಿಟ್ಟುಕೊಂಡು, "ತಪ್ಪು ತಿಳೀಬೇಡಿ ತಾಯಿ, ಇವತ್ತು ನನಗೆ ಉಪವಾಸ" ಎಂದರು. ತಾಯಿಗೆ ಉಪವಾಸವೆಂದರೆ ಗೌರವ. ಚಹಾ ಇರಲಿ, ನೀರಿಗೂ ಒತ್ತಾಯ ಮಾಡಲಿಲ್ಲ. ಅವರ ಎದುರು ಚಹಾ ಕುಡಿಯುತ್ತಿರುವುದಕ್ಕೆ ನಮ್ಮನ್ನೇ ಒಂಥರಾ ನೋಡಿದರು.

ಆ ಉಪವಾಸ ಕ್ಯಾತನಹಳ್ಳಿ ತಲುಪುವುದರೊಳಗೆ ಮುಗಿಯಿತು. ಊಟಕ್ಕೆ ನಮ್ಮ ಮನೆಯಲ್ಲಿ ನಿಲ್ಲಿಸಿದ್ದೆವು. ಮುಖ್ಯಸ್ಥರಿಗೆ ಮುದ್ದೆ, ನಾಟಿಕೋಳಿ ಸಾರು. ಪ್ರೊಫೆಸರಿಗೆ ಅವ್ವ ಬೇರೆ ಒಲೆ ಹಚ್ಚಿ ಅನ್ನ, ತಿಳಿಸಾರು, ಶಾವಿಗೆ ಪಾಯಸ ಮಾಡಿದ್ದಳು. ಪಾಯಸವನ್ನು ಅವರು ಒಂದು ಸಲ ಹಾಕಿಸಿಕೊಂಡರು, ಬೇಡ ಬೇಡ ಎನ್ನುತ್ತ ಇನ್ನೊಂದು ಸಲ ಹಾಕಿಸಿಕೊಂಡರು, ಅದರ ಮೇಲೆ ಬಾಳೆಹಣ್ಣು ಹಿಸುಕಿಕೊಂಡು ತಿಂದರು. ಹೊರಡುವಾಗ ಆಲೆಮನೆಯ ಅಚ್ಚುಬೆಲ್ಲವನ್ನು ಒಂದು ಚೀಲದ ತುಂಬ ಕಟ್ಟಿಸಿಕೊಂಡು, "ಸಕ್ಕರೆಗಿಂತ ಇದೇ ನನಗಿಷ್ಟ" ಎಂದರು. ಈ ಮಾತನ್ನು ನಾನು ನೆನಪಿಟ್ಟುಕೊಳ್ಳಬೇಕೆಂದೇನೂ ಅಂದುಕೊಂಡಿರಲಿಲ್ಲ.

ಕೈ ತೊಳೆಯಲು ನೀರು ಹಾಕುತ್ತ ಅವ್ವ ಮುಖ್ಯಸ್ಥರನ್ನು ನೇರವಾಗಿ ಕೇಳಿಬಿಟ್ಟಳು. "ಅಲ್ಲ ಸೋಮಿ, ನಮ್ಮುಡುಗಿ ಕೆಲ್ಸ ಯಾವಾಗ ಪರ್ಮನೆಂಟ್ ಮಾಡೀರಿ? ಪರ್ಮನೆಂಟ್ ಆಗ್ದೆ ಗಂಡಿನ ಕಡೇರು ಬರಕ್ಕಿಲ್ಲ ಅಂತಾವ್ರೆ."

ಮುಖ್ಯಸ್ಥರಿಗೆ ಕೋಳಿಯ ಮೂಳೆ ಸಿಕ್ಕಿಕೊಂಡಂತೆ ಕೆಮ್ಮು ಬಂತು. "ಮಾಡೋಣ ಮಾಡೋಣ, ಮೇಲಿನಿಂದ ಆದೇಶ ಬರಲಿ" ಎಂದರು. ಅವ್ವ ಆಕಾಶ ನೋಡಿದಳು.

ಕೆ.ಆರ್. ಪೇಟೆಯಲ್ಲಿ ಸಮಿತಿಗೆ ತೀವ್ರ ನಿರಾಶೆ ಕಾದಿತ್ತು. ಹುಡುಗನ ಮನೆಗೆ ಮಹಡಿ ಇತ್ತು. ಅಂಗಳದಲ್ಲಿ ಟ್ರಾಕ್ಟರು, ಒಳಗೆ ಬಣ್ಣದ ಟೀವಿ, ಅಡುಗೆಮನೆಯಲ್ಲಿ ಮುಖ್ಯಸ್ಥರ ಮನೆಯಲ್ಲೂ ಇಲ್ಲದಂಥ ಗ್ರೈಂಡರು. ಮುಖ್ಯಸ್ಥರು ಎಲ್ಲ ಕೋಣೆಗಳಲ್ಲೂ ಬಡತನಕ್ಕಾಗಿ ಹುಡುಕಿ, ಸಿಗದೆ, ಕೊನೆಗೆ ಹಿತ್ತಿಲಿಗೆ ಹೋಗಿ ದನದ ಕೊಟ್ಟಿಗೆ ನೋಡಿ ಸಮಾಧಾನಪಟ್ಟರು. "ಬಾಪ್ಪ, ಇಲ್ಲಿ ನಿಂತ್ಕೋ. ಆ ಸಗಣಿ ಬುಟ್ಟಿ ಸ್ವಲ್ಪ ಈ ಕಡೆ ಸರಿಸು. ನಗಬೇಡ."

ನಗದೆ ಇರುವುದು ಆ ಹುಡುಗನಿಗೆ ಗೊತ್ತಿರಲಿಲ್ಲ. ಅವನು ಕಷ್ಟಪಡುತ್ತಿರುವಾಗ ಅವನ ಅಜ್ಜಿ ಊರುಗೋಲು ಹಿಡಿದು ಬಂದರು. "ಯಾಕಪ್ಪ, ಇಷ್ಟು ದೊಡ್ ಮನೆ ಕಟ್ಸಿರೋದು ಕಣ್ಗೆ ಕಾಣಕ್ಕಿಲ್ವಾ? ನನ್ ಮೊಮ್ಮಗ ಏನು ಕರುವಾ, ಕೊಟ್ಟಿಗೇಲಿ ನಿಲ್ಸಕ್ಕೆ?" ಎಂದು ರೇಗಿದರು. ಮುಖ್ಯಸ್ಥರು ಅಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಅಲ್ಲಿ ಪ್ರೊಫೆಸರು ಗಟ್ಟಿ ಹಾಲಿನ ಕಾಫಿ ಕುಡಿದರು. "ಇನ್ನೊಂದು ಚಮಚ ಸಕ್ಕರೆ" ಎಂದು ಲೋಟ ಮುಂದೆ ಹಿಡಿದರು.

ಹೊಣಕೆರೆ ಕಡೆಗೆ ಹೋಗುವಾಗ ಇನ್ನೂ ಬಿಸಿಲಿತ್ತು. ಊರಿನ ದೊಡ್ಡ ಬೀದಿ ದಾಟಿ ಜೀಪು ಕಾಲೋನಿಗೆ ತಿರುಗಿದಾಗ ಪ್ರೊಫೆಸರು, "ಓ, ಇಲ್ಲೋ" ಎಂದರು. ಅಷ್ಟೇ. ಹುಡುಗ ಅದೇ ಬಿಳಿ ಅಂಗಿಯಲ್ಲಿ ರಸ್ತೆಗೇ ಬಂದು ನಿಂತಿದ್ದ. ಸಣ್ಣ ಜನತಾ ಮನೆ, ಹೊಸದಾಗಿ ಸುಣ್ಣ ಬಳಿದಿತ್ತು. ಸುಣ್ಣದ ಕಲೆ ಅವನ ಮೊಣಕೈ ಮೇಲೆ ಇನ್ನೂ ಉಳಿದಿತ್ತು. ಯಾರದೋ ಮನೆಯಿಂದ ತಂದ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು. ಅವನ ತಾಯಿ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದಳು. ಬೇರೆಯವರ ಹೊಲಗದ್ದೆಗಳಲ್ಲಿ ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದಾಕೆ.

ಮುಖ್ಯಸ್ಥರ ಮುಖ ಅರಳಿತು. ದಿನವೆಲ್ಲ ಹುಡುಕಿದ ಹಿನ್ನೆಲೆ ಕಡೆಗೂ ಸಿಕ್ಕಿತ್ತು. ರೀಲಿನಲ್ಲಿ ಉಳಿದಿದ್ದುದನ್ನೆಲ್ಲ ಅಲ್ಲೇ ಖರ್ಚು ಮಾಡಿದರು.

ತಾಯಿ ಪಿಂಗಾಣಿ ಕಪ್ಪುಗಳಲ್ಲಿ ಕಾಫಿ ತಂದಳು. ಕಪ್ಪುಗಳು ಹೊಸವು, ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಕುಡೀರಿ ಬುದ್ದಿ" ಎಂದಳು. ಹುಡುಗ ಮೆಲ್ಲಗೆ, "ಬುದ್ದಿ ಅನ್ಬೇಡ ಕಣವ್ವ. ಸಾರ್ ಅನ್ನು" ಎಂದ.

"ಕುಡೀರಿ ಸಾ" ಎಂದಳು.

ಮುಖ್ಯಸ್ಥರು ತೆಗೆದುಕೊಂಡರು. ನಾನು ತೆಗೆದುಕೊಂಡೆ. ಪ್ರೊಫೆಸರು ಕಪ್ಪು ನೋಡಿದರು, ಸೂರು ನೋಡಿದರು, ಬಹಳ ದುಃಖದ ದನಿಯಲ್ಲಿ ಹೇಳಿದರು. "ಕುಡೀಬಹುದಾಗಿತ್ತಮ್ಮ. ಏನು ಮಾಡೋದು, ನನಗೆ ಸಕ್ಕರೆ ಕಾಯಿಲೆ."

"ಸಕ್ರೆ ಆಕ್ದೆ ಮಾಡ್ಕೊಡ್ಲಾ ಸಾ?"

"ಡಾಕ್ಟರು ಕಾಫೀನೇ ಬಿಡಿಸಿಬಿಟ್ಟಿದ್ದಾರೆ."

"ನೀರಾದ್ರೂ?"

"ಈಗ ತಾನೇ ಜೀಪಲ್ಲಿ ಕುಡಿದೆ."

ಅವರ ಕಾಲ ಬಳಿ ಅಚ್ಚುಬೆಲ್ಲದ ಚೀಲವೇನೂ ಇರಲಿಲ್ಲ, ಅದು ಜೀಪಿನಲ್ಲೇ ಇತ್ತು. ಆದರೆ ನನಗೆ ಅದು ಕಣ್ಣ ಮುಂದೆಯೇ ಇದ್ದಂತಾಯಿತು. ಹುಡುಗನ ಕಡೆ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ನೋಡಿದೆ. ಅವನು ಪ್ರೊಫೆಸರನ್ನು ಪಾಠ ಕೇಳುವಾಗ ನೋಡುತ್ತಿದ್ದಂತೆಯೇ ಗಮನವಿಟ್ಟು ನೋಡುತ್ತಿದ್ದ. ತಾಯಿಯ ಮುಖದಲ್ಲಿ ಮಾತ್ರ ನಿಜವಾದ ಮರುಕವಿತ್ತು. "ಅಯ್ಯೋ ಪಾಪ, ಇಷ್ಟು ಓದ್ಕಂಡವ್ರಿಗೆ ಇಂತಾ ಕಾಯ್ಲೆ ಬರ್ಬಾರ್ದಾಗಿತ್ತು" ಎಂದು ಆ ಕಪ್ಪನ್ನು ಒಳಗೆ ತೆಗೆದುಕೊಂಡು ಹೋದಳು.

ವಾಪಸು ಬರುತ್ತ ಪ್ರೊಫೆಸರು, "ಎಂಥಾ ಕಷ್ಟದಿಂದ ಬರ್ತಾರೆ ನೋಡಿ ಈ ಮಕ್ಕಳು" ಎಂದು ಕಣ್ಣೊರೆಸಿಕೊಂಡರು. ಆ ನೀರೂ ಸುಳ್ಳಲ್ಲವೆಂದೇ ನನಗೆ ಇವತ್ತಿಗೂ ಅನಿಸುತ್ತದೆ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಅವರನ್ನು ಬೈದುಕೊಂಡು ಮನೆಗೆ ಬಂದರೆ ಅವ್ವ ಹೊಸಿಲಲ್ಲೇ ನಿಂತಿದ್ದಳು.

"ಒಣಕೆರೆ ಉಡ್ಗನ ಮನೇಲಿ ಏನಾದ್ರೂ ತಕ್ಕಂಡ್ರಾ?"

"ಕಾಫಿ ಕುಡಿದೆ."

ಅವ್ವ ಹೊಸಿಲು ಬಿಟ್ಟು ಸರಿಯದೆ, "ಒಲೆ ಮೇಲೆ ನೀರದೆ. ಎರಡು ಚೆಂಬು ತಲೆ ಮೇಲೆ ಉಯ್ಕಂಡು ಒಳೀಕ್ ಬಾ" ಎಂದಳು. ಹಾಗೇನೂ ಮಾಡುವುದಿಲ್ಲ ಎಂದು ನಾನು ಸೀದಾ ಒಳಗೆ ಹೋದೆ. ಅವ್ವ ನನ್ನೊಂದಿಗೆ ಎಷ್ಟೋ ದಿನ ಮಾತು ಬಿಟ್ಟಳು. ಅಪ್ಪ ನಮ್ಮಿಬ್ಬರಿಗೂ ಏನೂ ಹೇಳದೆ ಎಮ್ಮೆಗಳ ಜೊತೆ ಮಾತಾಡಿಕೊಂಡಿದ್ದರು. ಮೂರು ತಾಲ್ಲೂಕುಗಳ ಹಿನ್ನೆಲೆ ದಾಖಲಿಸಿದ ಸಮಿತಿ ನಮ್ಮ ಮನೆಯದನ್ನು ಮಾತ್ರ ಬಿಟ್ಟುಬಿಟ್ಟಿತು. ಅಲ್ಲಿ ಊಟ ಚೆನ್ನಾಗಿತ್ತೆಂದಷ್ಟೇ ಮುಖ್ಯಸ್ಥರು ಹೇಳುತ್ತಿದ್ದರು.

ಮಾರನೆಯ ವಾರ ಪ್ರೊಫೆಸರು ಪಾಠ ಮುಗಿಸಿ ಇಳಿಯುತ್ತಿದ್ದಂತೆ ಹೊಣಕೆರೆ ಹುಡುಗ ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬಂದ. ನಾನು ಮುಂದಿನ ಪಾಠಕ್ಕೆಂದು ಬಾಗಿಲಲ್ಲಿ ಕಾಯುತ್ತಿದ್ದೆ. ತರಗತಿ ಪೂರ್ತಿ ತುಂಬಿತ್ತು.

"ಸಾ, ನಮ್ಮವ್ವ ಕೊಟ್ಟು ಕಳ್ಸವ್ಳೆ" ಎಂದು ಕಾಗದದ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ನೇರಳೆ ಬೀಜ ಒಣಗ್ಸಿ ಕುಟ್ಟಿರೋ ಪುಡಿ. ಸಕ್ರೆ ಕಾಯ್ಲೆಗೆ ಬಾಳ ಒಳ್ಳೇದು. ಬೆಳಿಗ್ಗೆ ಬರೀ ಹೊಟ್ಟೇಲಿ ಒಂದ್ ಚಮಚ."

ಪ್ರೊಫೆಸರ ಮುಖ ನೋಡುವಂತಿತ್ತು. ಬೇಡವೆಂದರೆ ಯಾಕೆ ಬೇಡವೆಂದು ಹೇಳಬೇಕು. ತೆಗೆದುಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಳಕಳಿಯಿಂದ, "ಸರ್, ಯು ಆರ್ ಡಯಾಬೆಟಿಕ್?" ಎಂದಳು. ಪ್ರೊಫೆಸರು ತಲೆಯನ್ನು ಹೌದೆಂಬಂತೆಯೂ ಅಲ್ಲವೆಂಬಂತೆಯೂ ಆಡಿಸಿ ಹೊರಟುಹೋದರು.

ಮುಂದಿನ ವಾರ ಮತ್ತೊಂದು ಪೊಟ್ಟಣ ಬಂತು. ಅದರ ಮುಂದಿನ ವಾರವೂ ಬಂತು. ಜೊತೆಗೆ ಹಾಗಲಕಾಯಿ, ಮೆಂತ್ಯ, ಯಾವುದೋ ಬಳ್ಳಿಯ ಎಲೆ. ಸುದ್ದಿ ಕ್ಯಾಂಟೀನಿಗೂ ಹೋಯಿತು. ಕ್ಯಾಂಟೀನಿನವನು ದೇವರಂಥ ಮನುಷ್ಯ, ಪ್ರೊಫೆಸರು ಕೇಳುವ ಮೊದಲೇ ಅವರ ಲೋಟಕ್ಕೆ ಸಕ್ಕರೆ ನಿಲ್ಲಿಸಿಬಿಟ್ಟ. ಮುಖ್ಯಸ್ಥರ ಮಗಳ ನಿಶ್ಚಿತಾರ್ಥದ ಲಾಡು ಹಂಚಿದ ದಿನ ಜವಾನ ಅವರೊಬ್ಬರನ್ನು ದಾಟಿ ಮುಂದೆ ಹೋದ. ತಟ್ಟೆ ಹೋದ ದಿಕ್ಕನ್ನು ಅವರು ನೋಡಿದ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಒಂದು ದಿನ ಬಸ್ಸಿನಲ್ಲಿ ಹುಡುಗನನ್ನು ಕೇಳಿದೆ. ಪಕ್ಕದಲ್ಲಿ ಗಂಜಾಂ ಹುಡುಗಿಯೂ ಇದ್ದಳು.

"ನಿಮ್ಮವ್ವ ನಿಜವಾಗಿ ಅವರಿಗೆ ಕಾಯಿಲೆ ಅಂತ ನಂಬಿದ್ದಾರೇನೋ?"

"ಊಂ ಮೇಡಂ. ಊರಲ್ಲಿ ನೇರಳೆ ಮರ ಎಲ್ಲೆಲ್ಲಿವೆ ಎಲ್ಲಾ ಹುಡುಕ್ತಾವ್ಳೆ. ಪಾಪ, ಅಷ್ಟು ಒಳ್ಳೆ ಮನ್ಸ ಅಂತಾಳೆ."

"ಮತ್ತೆ ನೀನು?"

ಅವನು ಕಿಟಕಿಯಾಚೆ ನೋಡಿದ. "ಅವ್ರೇ ಬಾಯ್ಬುಟ್ಟು ಒಪ್ಕಂಡವ್ರೆ ಮೇಡಂ. ಅದ್ರ ಮೇಲೆ ಇನ್ಯಾವ ಸಾಕ್ಷಿ ಬೇಕು ಅಂತ ನೀವೇ ಪಾಠ ಮಾಡಿದ್ರಲ್ಲ."

ಗಂಜಾಂ ಹುಡುಗಿ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು. ಅವನು ನಗಲಿಲ್ಲ. ಕೇಳಿಸಿತೋ ಇಲ್ಲವೋ ಎಂಬಂತೆ ಹೇಳಿದ. "ಆ ಕಪ್ಪು ತರಕ್ಕೆ ನಮ್ಮವ್ವ ನಾಗಮಂಗಲಕ್ಕೆ ನಡ್ಕೊಂಡು ಹೋಗಿದ್ಲು ಮೇಡಂ. ಬಸ್ಸು ಸಿಗ್ನಿಲ್ಲ." ಆಮೇಲೆ ಶ್ರೀರಂಗಪಟ್ಟಣದ ಸೇತುವೆ ಬಂತು, ಮೂವರೂ ನದಿ ನೋಡುತ್ತ ಕೂತೆವು.

ವರ್ಷದ ಕೊನೆಗೆ ಹಾಜರಾತಿ ಕಡಿಮೆಯೆಂದು ಹೊಣಕೆರೆ ಹುಡುಗನನ್ನೂ ಕೆ.ಆರ್. ಪೇಟೆ ಹುಡುಗನನ್ನೂ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ನಾನು ಮುಖ್ಯಸ್ಥರ ಕೋಣೆಗೆ ಹೋಗಿ, ಆ ಬಸ್ಸಿನಲ್ಲೇ ಬರುವ ನನ್ನ ಹಾಜರಾತಿಯೂ ಹಾಗೇ ಇದೆ, ನನಗೂ ಪಾಠ ಮಾಡುವುದು ಬೇಡ ಅನ್ನಿ ಎಂದೆ. ಆ ಮಾತು ಅವರಿಗೆ ಹಿಡಿಸಿತೆಂದು ಆಮೇಲೆ ಗೊತ್ತಾಯಿತು. ಅಂದು ಮಾತ್ರ ನೋಡೋಣ ಎಂದರು. ನಾನು ನಿರೀಕ್ಷಿಸದಿದ್ದ ಕಡೆಯಿಂದ ನೆರವು ಬಂತು. ಪ್ರೊಫೆಸರು ತಾವಾಗಿ ಬಂದು, ಹುಡುಗರು ಸಮಿತಿಯ ಕೆಲಸದಲ್ಲಿದ್ದರೆಂದು ಬರೆದುಕೊಟ್ಟು, ಕೊರತೆಯನ್ನೆಲ್ಲ ಮನ್ನಾ ಮಾಡಿಸಿದರು. ಕರುಣೆಯಿಂದಲೋ, ಹಾಗಲಕಾಯಿ ನಿಲ್ಲಲೆಂದೋ, ನನಗೆ ತಿಳಿಯದು. ಹಾಗಲಕಾಯಿ ನಿಲ್ಲಲಿಲ್ಲ. ಉಪಕಾರ ಮಾಡಿದವರೆಂದು ತಾಯಿ ಇನ್ನಷ್ಟು ಕಳಿಸಿದಳು.

ಕೊನೆಗೆ ಅವರಿಗೂ ತಾಳ್ಮೆ ಕೆಟ್ಟು, "ನೋಡಪ್ಪ, ನಿಮ್ಮ ತಾಯಿಗೆ ಹೇಳು. ಅವರ ಔಷಧಿಯಿಂದ ನನಗೆ ಪೂರ್ತಿ ವಾಸಿಯಾಯ್ತು" ಎಂದರಂತೆ.

ಹುಡುಗ ಕೈ ಮುಗಿದು, "ಬಾಳ ಸಂತೋಷ ಸಾ. ವಾಸಿ ಆದ್ಮೇಲೆ ಒಂದ್ಸಲ ಮನೆಗೆ ಬಂದು ಕಾಫಿ ಕುಡ್ಕೊಂಡು ಓಗ್ಬೇಕಂತೆ. ಅವ್ವ ಹರಕೆ ಹೊತ್ತವ್ಳೆ. ಯಾವತ್ತು ಬತ್ತೀರಿ?" ಎಂದನಂತೆ.

ಮುಂದಿನ ವಾರ ಪ್ರೊಫೆಸರಿಗೆ ಕಾಯಿಲೆ ಮರುಕಳಿಸಿತು. ನಿವೃತ್ತರಾಗುವವರೆಗೂ ಅವರು ಸಕ್ಕರೆಯಿಲ್ಲದ ಕಾಫಿಯನ್ನೇ ಕುಡಿದರು.

ಮೊದಲ ಪೀರಿಯಡ್ಡಿನ ಸಮಯ ಬದಲಾದದ್ದು ಅದರ ಮರುವರ್ಷ. ಮುಖ್ಯಸ್ಥರಿಗೆ ರಕ್ತದೊತ್ತಡ ಬಂದು, ಬೆಳಿಗ್ಗೆ ನಡೆಯಲೇಬೇಕೆಂದು ವೈದ್ಯರು ಹೇಳಿದರು. ನಡೆದು, ಸ್ನಾನ ಮಾಡಿ, ತಿಂಡಿ ತಿಂದು ಬರಲು ಏಳೂವರೆಗೆ ಆಗುತ್ತಿರಲಿಲ್ಲ. ಒಂದೇ ದಿನದಲ್ಲಿ ವೇಳಾಪಟ್ಟಿ ಬದಲಾಯಿತು. ವರದಿಯಲ್ಲಿ ಅದನ್ನು ನಮ್ಮ ಸಮಿತಿಯ ಮೊದಲ ಸಾಧನೆಯೆಂದು ಅಚ್ಚು ಹಾಕಿಸಿದರು, ಎದುರಿನ ಪುಟದಲ್ಲಿ ಕೊಟ್ಟಿಗೆಯ ಚಿತ್ರ. ಕೆ.ಆರ್. ಪೇಟೆ ಹುಡುಗ ಅದರಲ್ಲಿ ಎಷ್ಟು ಪ್ರಯತ್ನಿಸಿದರೂ ನಗುತ್ತಲೇ ಇದ್ದ. ಹೆಣ್ಣುಮಕ್ಕಳ ಕೋಣೆಯ ಬೀಗವನ್ನು ಗಂಜಾಂ ಹುಡುಗಿ ಒಂದು ದಿನ ತನ್ನ ತಂದೆಯ ಅಂಗಡಿಯ ಸುತ್ತಿಗೆ ತಂದು ಒಡೆದಳು. ಅದು ವರದಿಗೆ ಬರಲಿಲ್ಲ.

ತಪಾಸಣೆಯ ತಂಡ ಮತ್ತೆ ಬಂದು ಬೆನ್ನು ತಟ್ಟಿತು. ಸಮಿತಿಯ ಯಶಸ್ಸಿನಿಂದಾಗಿ ಒಂದು ಕಾಯಂ ಹುದ್ದೆಯೂ ಮಂಜೂರಾಯಿತು. ಅದಕ್ಕೆ ನನಗಿಂತ ಒಳ್ಳೆಯ ಹಿನ್ನೆಲೆಯವರೊಬ್ಬರು ಬಂದರು. ನನ್ನ ತಾತ್ಕಾಲಿಕ ಹುದ್ದೆಯನ್ನು ಆ ಬೇಸಿಗೆಗೆ ಮುಗಿಸಿದರು. ಅವ್ವ ವಿಷಯ ಕೇಳಿ, "ನಮ್ ಕೋಳಿ ತಿಂದು ಇಂಗಾ ಮಾಡಾದು?" ಎಂದಳು. ಬಹಳ ದಿನಗಳ ಮೇಲೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು.

ನಾನು ಕರಿ ಕೋಟು ಹೊಲಿಸಿಕೊಂಡು ವಕೀಲಿಕೆ ಶುರುಮಾಡಿದೆ. ಹೊಣಕೆರೆ ಹುಡುಗ ಪಾಸಾಗಿ ನಾಗಮಂಗಲದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಸೇರಿದ. ಸಿಕ್ಕಾಗ ಈಗಲೂ ಕಡಿಮೆ ಮಾತು. ಕೆ.ಆರ್. ಪೇಟೆಯವನು ಪದವಿ ಮುಗಿಸಿ ಹಾಲಿನ ವ್ಯವಹಾರಕ್ಕೆ ಇಳಿದ. ಗಂಜಾಂ ಹುಡುಗಿ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಬೇಗ ಹೆಸರು ಮಾಡಿದಳು.

ಒಂದು ಗದ್ದೆಯ ಬದುವಿನ ವ್ಯಾಜ್ಯದಲ್ಲಿ ನಾನೂ ಅವಳೂ ಎದುರುಬದುರಾದೆವು. ನನ್ನ ಕಕ್ಷಿದಾರ ಪಾಂಡವಪು‌ರದ ಕಡೆಯ ಮುದುಕ, ರುಮಾಲು ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಅವಳು ಎದ್ದು ನಿಂತು ಕನ್ನಡದಲ್ಲೇ ವಾದ ಮಾಡಿದಳು. ನಾನು ಕಲಿಸಿದ್ದನ್ನೆಲ್ಲ ಒಂದೊಂದಾಗಿ ನನ್ನ ಮೇಲೇ ಎಸೆದಳು. ಮಧ್ಯಾಹ್ನದ ಹೊತ್ತಿಗೆ ನಾನು ಸೋತಿದ್ದೆ.

ಹೊರಗೆ ಬಂದ ಮೇಲೆ ಮುದುಕ ಕೇಳಿದ. "ಆ ಮೇಡಮ್ಮಾರು ಯಾರವ್ವ? ಎಲ್ಲಿ ಓದಿದ್ದಂತೆ?"

"ನಾನೇ ಕಲಿಸಿದ್ದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಮುದುಕ ರುಮಾಲು ಸರಿಮಾಡಿಕೊಂಡ. "ಅಂಗಾದ್ರೆ ಬುಡವ್ವ, ಅಪೀಲ್‌ಗೆ ಅವ್ರನ್ನೇ ಇಡ್ಕತ್ತೀನಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟ.